ತಗ್ಗಿನ ತಂತಿಯ ಸೇವೆ

ಮೂಲವಾಕ್ಯ: ೧ ಪೂರ್ವಕಾಲವೃತ್ತಾಂತ ೧೫:೨೧



ದೇವರ ಮಂಜೂಷವನ್ನು ಯೆರೂಸಲೇಮಿಗೆ ತರುವ ಕಾಲದಲ್ಲಿ ದಾವೀದನು ವಾದ್ಯಗಾರರನ್ನು ಮನಸ್ಸಿಗೆ ಬಂದಂತೆ ನಿಲ್ಲಿಸಲಿಲ್ಲ. ಲೇವಿಯರ ಮುಖ್ಯಸ್ಥರಿಗೆ ಅಪ್ಪಣೆಕೊಟ್ಟು ಒಬ್ಬೊಬ್ಬರಿಗೆ ಒಂದೊಂದು ಕೆಲಸವನ್ನು ನೇಮಿಸಿದನು. ಅವರಲ್ಲಿ ಆರು ಮಂದಿ ಕಿನ್ನರಿಗಳನ್ನು ಶೆಮಿನೀತ್ ಎಂಬ ಸ್ವರದಲ್ಲಿ ನುಡಿಸಬೇಕಾಗಿತ್ತು. ಎಂಟನೆಯದು ಎಂಬದೇ ಆ ಇಬ್ರಿಯ ಮಾತಿನ ಅರ್ಥ. ಅದು ತಗ್ಗಿನ ಸ್ಥಾಯಿಯೆಂದು ವ್ಯಾಖ್ಯಾನಕಾರರಲ್ಲಿ ಕೆಲವರು ಎಣಿಸುತ್ತಾರೆ. ಆ ಆರು ಮಂದಿಯಲ್ಲಿ ಓಬೇದೆದೋಮನು ದ್ವಾರಪಾಲಕನೂ ಆಗಿದ್ದನು. ಬಾಗಿಲು ಕಾಯುವವನ ಕೈಗೆ ದೇವರ ಮುಂದೆ ನುಡಿಸುವ ತಂತಿಯು ದೊರಕಿತು!

ಈಗ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಯೌವನಸ್ಥರಲ್ಲಿ ಬೇಸ್ ಗಿಟಾರನ್ನು ಕಲಿಯಲು ಆಶಿಸುವವರಿದ್ದಾರೆ. ಅಮೇರಿಕದ ಲಿಯೋ ಫೆಂಡರ್ ಎಂಬಾತನು ೧೯೫೧ರಲ್ಲಿ ಮಾರಾಟಕ್ಕೆ ತಂದ ವಾದ್ಯದಿಂದ ಇದು ಲೋಕದಲ್ಲೆಲ್ಲಾ ಹಬ್ಬಿತು. ಇದಕ್ಕೆ ಸಾಧಾರಣವಾಗಿ ನಾಲ್ಕು ದಪ್ಪ ತಂತಿಗಳು. ಅತಿ ತಗ್ಗಿನ ತಂತಿಯು ಸೆಕೆಂಡಿಗೆ ಸುಮಾರು ೪೧ ಸಾರಿ ಕಂಪಿಸುವದು. ಸಾಮಾನ್ಯ ಗಿಟಾರಿನದು ಅದರ ಎರಡರಷ್ಟು. ಕೆಲವರು ಇದನ್ನು ಬೆರಳಿನಿಂದ ಮೀಟುತ್ತಾರೆ. ಕೆಲವರು ಪಿಕ್ ಎಂಬ ಚಿಕ್ಕ ಬಿಲ್ಲೆಯಿಂದ ಮೀಟುತ್ತಾರೆ. ಪಿಕ್ ಹಿಡಿಯುವದು ವಿದ್ಯೆ ಬಾರದವನ ಲಕ್ಷಣವೆಂದು ಹೀಯಾಳಿಸುವವರೂ ಉಂಟು. ಆದರೆ ೧೯೬೩ರಲ್ಲಿ, ಬೇಸ್ ನುಡಿಸುವವನು ಬಾರದೆ ಹೋದ ಒಂದು ದಿನ, ಕ್ಯಾರೊಲ್ ಕೇ ಎಂಬ ಗಿಟಾರು ನುಡಿಸುವ ಸ್ತ್ರೀಯು ಆ ಸ್ಥಳವನ್ನು ತುಂಬಿದಳು. ಪಿಕ್ಕಿನಿಂದಲೇ ನುಡಿಸಿ ಸಾವಿರಾರು ಧ್ವನಿಮುದ್ರಣಗಳಿಗೆ ಆಧಾರವಾದಳು. ಹಾಡುಗಳನ್ನು ಕೇಳಿದವರಲ್ಲಿ ಬಹುಜನರು ಆಕೆಯ ಹೆಸರನ್ನು ಅರಿಯರು. ತಗ್ಗಿನ ತಂತಿಯ ಸೇವೆಯು ಅಂಥದೇ.

ಇದನ್ನು ಕಲಿಯುವವನಿಗೆ ಬೇಕಾದವು ಮೂರು.

ಮೊದಲನೆಯದು, ಹಿಡಿತ. ಪಿಕ್ಕನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು, ತುದಿ ಮಾತ್ರ ಹೊರಗೆ ಕಾಣುವಂತೆ ಹಿಡಿಯಬೇಕು. ಹಿಸುಕಿ ಹಿಡಿದರೆ ಮಣಿಕಟ್ಟು ಸೆಟೆದು ಸ್ವರವು ಕರ್ಕಶವಾಗುವದು. ಸಡಿಲಬಿಟ್ಟರೆ ದಪ್ಪ ತಂತಿಯು ಅದನ್ನು ಕೈಯಿಂದ ತಪ್ಪಿಸುವದು. ನೇಗಿಲ ಮೇಣಿಯನ್ನು ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು, ಸಮತೆ. ಒಂದು ಸಾರಿ ಕೆಳಕ್ಕೆ, ಒಂದು ಸಾರಿ ಮೇಲಕ್ಕೆ, ಮಣಿಕಟ್ಟಿನಿಂದ ಮೀಟಬೇಕು. ಕೆಳಕ್ಕೆ ಮೀಟಿದ್ದು ತಾನಾಗಿ ಬಲವಾಗಿ ಕೇಳುವದು. ಮೇಲಕ್ಕೆ ಮೀಟಿದ್ದು ಬಡವಾಗುವದು. ಎರಡೂ ಕಿವಿಗೆ ಒಂದೇ ಆಗುವ ವರೆಗೆ ಒಂದೇ ತಂತಿಯ ಮೇಲೆ ಒಂದೇ ಸ್ವರವನ್ನು ನಿಧಾನವಾಗಿ ಎಣಿಸಿ ಎಣಿಸಿ ಮೀಟಬೇಕು. ಭಾನುವಾರ ಸಭೆಯಲ್ಲಿ ಮೊಣಕಾಲೂರಿ ಸೋಮವಾರ ಹೊಲದ ಬದುವಿಗಾಗಿ ಅಣ್ಣನನ್ನು ಬೈಯುವವನು ಒಂದೇ ಕಡೆಯ ಮೀಟನ್ನು ಕಲಿತವನು.

ಮೂರನೆಯದು, ಮೌನ. ಮೀಟದ ತಂತಿಗಳೂ ಪಕ್ಕದ ನಾದಕ್ಕೆ ಅದುರಿ ಗುಂಯ್‌ಗುಡುವವು. ಬಲ ಅಂಗೈಯ ಅಂಚಿನಿಂದಲೂ ಎಡಗೈ ಬೆರಳುಗಳಿಂದಲೂ ಅವನ್ನು ಮೆಲ್ಲನೆ ತಡೆದರೆ ಸ್ವರವು ತಿಳಿಯಾಗುವದು. ವಾದ್ಯದ ನಾದವು ತಿಳಿಯಾಗಿರಬೇಕೆಂಬ ಬುದ್ಧಿಮಾತನ್ನು ಪೌಲನೂ ಕೊರಿಂಥದ ಸಭೆಗೆ ಬರೆದನಲ್ಲವೇ?

ಇಷ್ಟಾದರೂ ನಮ್ಮ ಹಿರಿಯರಲ್ಲಿ ಕೆಲವರಿಗೆ ಈ ಸದ್ದು ಸಹಿಸದು. ಯೌವನಸ್ಥರೇ, ಅದರ ಕಾರಣವನ್ನು ತಿಳಿಯಿರಿ. ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳ ಪೂರ್ವಿಕರಲ್ಲಿ ಅನೇಕರು ಊರ ಹಬ್ಬಕ್ಕೂ ಹೆಣಕ್ಕೂ ತಮಟೆ ಬಡಿಯಬೇಕಾಗಿತ್ತು. ಕಲೆಯೆಂದಲ್ಲ, ಬಿಟ್ಟಿ ಚಾಕರಿಯೆಂದು. ಬಡಿದವನಿಗೆ ಜಗಲಿಯ ಮೇಲೆ ಸ್ಥಳವಿರಲಿಲ್ಲ. ಬಡಿಯೆನೆಂದವನು ಊರಿನ ಕೋಪಕ್ಕೆ ಗುರಿಯಾಗುತ್ತಿದ್ದನು. ಆದಕಾರಣ ಪ್ರಾರ್ಥನಾಲಯದಲ್ಲಿ ತಗ್ಗಿನ ಗುಡುಗು ಕೇಳಿ ತಾತನ ಎದೆಯಲ್ಲಿ ಹಳೆಯ ಗಾಯವು ನೊಂದರೆ ನಗಬೇಡಿರಿ.

ಹಿರಿಯರೇ, ನಿಮ್ಮ ಪಾದಕ್ಕೂ ಒಂದು ಬಿನ್ನಹ. ದೋಷವು ತಮಟೆಯಲ್ಲಿರಲಿಲ್ಲ, ಬಲವಂತದಲ್ಲಿತ್ತು. ಹೆದರಿಸಿ ನುಡಿಸಿದ್ದು ಬಿಟ್ಟಿ; ತಾನಾಗಿ ಕಲಿತು ಒಪ್ಪಿಸಿದ್ದು ಕಾಣಿಕೆ. ಮೊಮ್ಮಗನ ಕೈಯಲ್ಲಿರುವದು ಕಾಣಿಕೆಯೇ. ಅವನನ್ನು ಕರೆದು, ಯಾವ ಕೀರ್ತನೆ ನಿಮಗೆ ಪ್ರಿಯವೋ ಅದನ್ನು ಮೊದಲು ಕಲಿಯೆಂದು ಹೇಳಿರಿ. ಮಕ್ಕಳೇ, ನೀವು ಹಾಗೆ ಕಲಿತ ಮೇಲೆ ಅಜ್ಜಿಯ ಸಣ್ಣ ದನಿಯು ಮುಳುಗದ ಹಾಗೆ ಮೆಲ್ಲಗೆ ನುಡಿಸಿರಿ.

ಕಪಿಲೆಯು ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವದನ್ನು ನೀವು ಬಲ್ಲಿರಿ. ಕಲ್ಲಿನ ಮೇಲೆ ಸದ್ದುಮಾಡುವದು ತೆಳು ನೀರು. ಹರಿಗೋಲನ್ನು ಹೊರುವದು ಮಡುವಿನ ನೀರು. ಸಭೆಯ ಹಾಡನ್ನು ಹಾಗೆ ಹೊರುವ ಕೈಗಳನ್ನು ಕರ್ತನು ನಮ್ಮ ಹಳ್ಳಿಗಳಲ್ಲಿ ಎಬ್ಬಿಸಲಿ. ಆಮೆನ್.