ಒಣಗದ ಹಲಗೆಗೆ ಉಳಿ ಹಚ್ಚಬೇಡಿರಿ



ಹೊಲವೊಂದನ್ನೇ ನಂಬಿದರೆ ಮನೆ ನಡೆಯದ ಕಾಲವಿದು. ಜತ್ತ, ಅಕ್ಕಲಕೋಟೆ, ಆದೋನಿ, ರಾಯದುರ್ಗದ ಕಡೆಯ ತರುಣರು ಹಿತ್ತಲ ಚಪ್ಪರದಲ್ಲಿ ಬಡಿಗತನ ಆರಂಭಿಸಲು ಮನಸ್ಸು ಮಾಡಿದರೆ ನಮಗೆ ಸಂತೋಷವೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣನವರು ಬಡಿಗರೇ. ಕೈಯ ಬಾಚಿಯೇ ಅವರ ಹೆಸರಿಗೆ ಭೂಷಣವಾಯಿತು. ಆದರೆ ದುಡಿದದ್ದೆಲ್ಲ ಕಾಯಕವಲ್ಲ. ಕೊಂಡವನಿಗೆ ಮೋಸವಾಗದಂತೆ ದುಡಿದದ್ದು ಕಾಯಕ.

ಬೇವಾಗಲಿ, ಸಾಗವಾನಿಯಾಗಲಿ, ಈಗಷ್ಟೇ ಕೊಯ್ಯಿಸಿ ತಂದ ಹಲಗೆಯ ಹೊಟ್ಟೆಯಲ್ಲಿ ನೀರಿರುತ್ತದೆ. ಅದರಿಂದಲೇ ಕಪಾಟು ಮಾಡಿಕೊಟ್ಟರೆ ಒಂದು ಬೇಸಿಗೆಯೊಳಗೆ ಕುಗ್ಗಿ, ಸೊಟ್ಟಾಗಿ, ಸಂದು ಬಿಡುತ್ತದೆ. ಮಗಳ ಮದುವೆಗೆಂದು ಮಾಡಿಸಿದ ಬಡವನ ಹಣವೂ ಹೋಯಿತು, ಬಡಿಗನ ಮೇಲಿನ ವಿಶ್ವಾಸವೂ ಹೋಯಿತು.

ಆದುದರಿಂದ ಹಲಗೆಗಳನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ನೆರಳೂ ಗಾಳಿಯೂ ಇರುವಲ್ಲಿ ಒಟ್ಟಿರಿ. ನಡುನಡುವೆ ಒಂದಂಗುಲದ ಒಣ ಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ, ಕೆಳಗಿನದರ ನೇರಕ್ಕೇ ಮೇಲಿನದು ಬರುವಂತೆ ಇಡಿರಿ. ಹಲಗೆಯ ತುದಿ ಬೇಗ ಒಣಗಿ ಸೀಳುವುದರಿಂದ ಅಲ್ಲಿಗೆ ಬಣ್ಣ ಬಳಿಯಿರಿ. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಸ್ಥೂಲ ಲೆಕ್ಕ. ಒಣ ಸೀಮೆಯಲ್ಲಿ ಅಷ್ಟು ಬೇಡವಾದೀತು. ಖಾತ್ರಿ ಬೇಕಾದರೆ ಒಂದು ಹಲಗೆಯನ್ನು ತಿಂಗಳಿಗೊಮ್ಮೆ ತೂಗಿ ವಹಿಯಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತರೆ ಮರ ಹದವಾಯಿತು. ಮಳೆಗಾಲದ ತೂಕವನ್ನು ಮಾತ್ರ ನಂಬಬೇಡಿರಿ.

ಅನಂತರ ಹತ್ತರಿಯ ಕೆಲಸ. ಮೊದಲು ಒಂದೇ ಒಂದು ಮುಖವನ್ನು ಸಮಮಾಡಿರಿ. ಹಲಗೆಯ ಎರಡು ತುದಿಗೆ ಎರಡು ನೇರ ಪಟ್ಟಿಗಳನ್ನು ಅಡ್ಡಲಾಗಿಟ್ಟು, ಒಂದರ ಮೇಲಿಂದ ಇನ್ನೊಂದನ್ನು ದಿಟ್ಟಿಸಿದರೆ ತಿರುಚು ಕಾಣುತ್ತದೆ. ಆ ಮುಖಕ್ಕೆ ಮೂಲೆಮಟ್ಟ ಹಿಡಿದು ಒಂದು ಅಂಚನ್ನು ತಿದ್ದಿರಿ. ಆ ಮುಖದಿಂದಲೇ ದಪ್ಪ ಅಳೆದು ಗೆರೆ ಎಳೆದು ಎರಡನೆಯ ಮುಖವನ್ನು, ಆ ಅಂಚಿನಿಂದಲೇ ಅಗಲ ಅಳೆದು ಎರಡನೆಯ ಅಂಚನ್ನು ಮಾಡಿರಿ. ಒಂದಂಗುಲದ ಹಲಗೆ ಬೇಕಾದರೆ ಒಂದೂಕಾಲು ಅಂಗುಲದ್ದು ತರಬೇಕು. ಉದುರುವ ಸಿಪ್ಪೆಯೂ ಅಸಲಿನಲ್ಲಿ ಸೇರಿದ್ದೇ.

ಮೊದಲ ಮುಖ ಸೊಟ್ಟಾದರೆ ಉಳಿದ ಮೂರೂ ಅದನ್ನೇ ಅನುಸರಿಸುತ್ತವೆ. ಮನುಷ್ಯನ ನಡೆಯೂ ಹಾಗೆಯೇ. ಅಂತರಂಗವೆಂಬ ಒಂದು ಮುಖ ನೇರವಾದರೆ ಮಾತು, ವ್ಯವಹಾರ, ಸಂಸಾರಗಳಿಗೆ ಅದೇ ಅಳತೆಗೋಲು. ಅದನ್ನು ತಿದ್ದದೆ ಹೊರಗಿನ ನಯಕ್ಕೆ ಎಷ್ಟು ಉಜ್ಜಿದರೇನು?

ಸಾಲ ಮಾಡಿ ಯಂತ್ರ ಕೊಳ್ಳುವ ಅವಸರ ಬೇಡ. ಗರಗಸ, ಹತ್ತರಿ, ಉಳಿ, ಕೊಡತಿ, ಮೂಲೆಮಟ್ಟ ಮತ್ತು ಅಲುಗಾಡದ ಒಂದು ಮೇಜು ಇದ್ದರೆ ಆರಂಭಕ್ಕೆ ಸಾಕು. ಧೂಳಿಗೆ ಮೂಗುಬಾಯಿ ಕಟ್ಟಿಕೊಳ್ಳಿರಿ. ಗಡಿ ದಾಟಿಸಿ ಮರ ತರುವವರು ಅರಣ್ಯ ಇಲಾಖೆಯ ಸಾಗಣೆ ಪರವಾನಗಿಯ ವಿಷಯವನ್ನು ಮುಂಚೆಯೇ ವಿಚಾರಿಸಿರಿ. ಕಳ್ಳ ಮರದಿಂದ ಮಾಡಿದ ಮಂಟಪ ಪೂಜೆಗೂ ಸಲ್ಲದು.

ಮರ ಒಣಗುವ ತನಕ ಕಾಯುವುದು ಕಾಲಹರಣವಲ್ಲ. ಆ ಕಾಯುವಿಕೆಯೂ ಕಾಯಕದ ಒಂದು ಭಾಗವೆಂದು ತಿಳಿದು ನಡೆಯೋಣ.



— ಕಾರ್ಯದರ್ಶಿ, ಶ್ರೀಮಠ