ಕಳೆಯುವುದರ ಲೆಕ್ಕ

ಪೋಕೆಮಾನ್ ಆಟದಲ್ಲಿ ಚಾರ್ಮ್ಯಾಂಡರ್ ಎಂಬ ಬೆಂಕಿಬಾಲದ ಪುಟ್ಟ ಜೀವಿ 16ನೇ ಲೆವೆಲ್ ಮುಟ್ಟಿತೆಂದರೆ, ಹೋರಾಟ ಮುಗಿದ ಕೂಡಲೇ ಸಂಗೀತ ಬದಲಾಗಿ, ಎರಡು ಆಕಾರಗಳು ಒಂದರೊಳಗೊಂದು ಮಿನುಗಿ, ಅದರ ಜಾಗದಲ್ಲಿ ಚಾರ್ಮೀಲಿಯನ್ ನಿಂತಿರುತ್ತದೆ. ಇದಕ್ಕೆ ಆಟ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. ಬೇಡವೆನ್ನುವವರು ಆ ಕೆಲವೇ ಕ್ಷಣಗಳಲ್ಲಿ ಬಿ ಬಟನ್ ಒತ್ತಬೇಕು; ಸುಮ್ಮನಿದ್ದರೆ ಒಪ್ಪಿದಂತೆಯೇ. 1996ರ ಫೆಬ್ರವರಿಯಲ್ಲಿ ಜಪಾನಿನ ಗೇಮ್ ಬಾಯ್‌ಗೆ ಬಂದ ರೆಡ್ ಮತ್ತು ಗ್ರೀನ್ ಆಟಗಳಿಂದಲೇ ಈ ಏರ್ಪಾಡು ನಡೆದುಬಂದಿದೆ. ಎವಾಲ್ವ್ ಆಗುವುದು, ಅಂದರೆ ಹೀಗೆ ರೂಪ ಬದಲಿಸುವುದು, ಲಾಭ, ಎಷ್ಟು ಬೇಗ ಆದರೆ ಅಷ್ಟು ಲಾಭ ಎಂಬ ನಂಬಿಕೆ ಆಟಗಾರರಲ್ಲಿ ಬೇರೂರಲು ಇದೂ ಒಂದು ಕಾರಣವಿರಬೇಕು. ನಂಬಿಕೆಯ ಮೊದಲರ್ಧ ಬಹುಮಟ್ಟಿಗೆ ನಿಜ. ಎರಡನೆಯ ಅರ್ಧವನ್ನು ಆಟದ ಒಳಗಿನ ಗಣಿತವೇ ಒಪ್ಪುವುದಿಲ್ಲ.

ಒಂದು ಪೋಕೆಮಾನ್‌ನ ಬಲ, ವೇಗ, ತಾಳಿಕೆಗಳನ್ನು ಆಟ ಲೆಕ್ಕ ಹಾಕುವುದು ಅದರ ಈಗಿನ ಜಾತಿ, ಈಗಿನ ಲೆವೆಲ್, ಹುಟ್ಟುಗುಣ ಮತ್ತು ಪಡೆದ ತಾಲೀಮಿನಿಂದ. ಯಾವ ಲೆವೆಲ್‌ನಲ್ಲಿ ರೂಪ ಬದಲಾಯಿತು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಚಾರ್ಮೀಲಿಯನ್ 36ಕ್ಕೇ ತನ್ನ ಮುಂದಿನ ರೂಪವಾದ ಚಾರಿಜಾರ್ಡ್ ಆದದ್ದೂ 60ರವರೆಗೆ ತಡೆಹಿಡಿದು ಚಾರಿಜಾರ್ಡ್ ಮಾಡಿದ್ದೂ, ಒಂದೇ ಹುಟ್ಟುಗುಣ, ಒಂದೇ ತಾಲೀಮು ಇದ್ದರೆ, ಕೊನೆಗೆ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ. ಅಂದರೆ ರೂಪಾಂತರದ ಗಳಿಕೆ ತಡಮಾಡಿದರೆ ಸವೆಯುವಂಥದ್ದಲ್ಲ, ಎಂದು ಹೋದರೂ ಕೈಗೆ ಸಿಗುತ್ತದೆ. ಕಳೆದುಕೊಳ್ಳುವುದು ಮಾತ್ರ ಹೊತ್ತನ್ನು ನೋಡಿಕೊಂಡೇ ಬರುತ್ತದೆ. ಹಾಗಾಗಿ ಯಾವಾಗ ಎವಾಲ್ವ್ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಏನು ಸಿಗುತ್ತದೆ ಎಂಬಲ್ಲಿ ಅಲ್ಲ, ಏನು ಕೈಬಿಡುತ್ತದೆ ಎಂಬಲ್ಲಿ ಎಂಬುದು ನನ್ನ ವಾದ.

ಗ್ರೋಲಿತ್ ಎಂಬ ನಾಯಿಮರಿಯನ್ನು ನೋಡಿ. ಫೈರ್ ಸ್ಟೋನ್ ಮುಟ್ಟಿಸಿದರೆ ಅದು ಯಾವ ಲೆವೆಲ್‌ನಲ್ಲಾದರೂ ಆರ್ಕನೈನ್ ಎಂಬ ಭವ್ಯ ಪ್ರಾಣಿಯಾಗುತ್ತದೆ. ಆದರೆ ಮೊದಲ ಪೀಳಿಗೆಯ ಆಟಗಳಲ್ಲಿ ಗ್ರೋಲಿತ್ 50ನೇ ಲೆವೆಲ್‌ಗೆ ಫ್ಲೇಮ್‌ಥ್ರೋವರ್ ಎಂಬ ವಿದ್ಯೆ ಕಲಿಯುತ್ತಿತ್ತು. ಆರ್ಕನೈನ್ ಲೆವೆಲ್ ಏರಿ ಹೊಸದಾಗಿ ಏನನ್ನೂ ಕಲಿಯುತ್ತಿರಲಿಲ್ಲ. ಅವಸರದಲ್ಲಿ ಕಲ್ಲು ಮುಟ್ಟಿಸಿದವರ ಕೈಯಲ್ಲಿ ಉಳಿದದ್ದು ದೊಡ್ಡ ಮೈಯ, ಕಡಿಮೆ ಕಲಿತ ಪ್ರಾಣಿ. ಬಲ್ಬಸಾರ್ ಎಂಬ ಇನ್ನೊಂದು ಪೋಕೆಮಾನ್‌ನ ಕಥೆ ಇಷ್ಟು ಕಠೋರವಲ್ಲ. ಆ ಆಟಗಳಲ್ಲಿ ಸೋಲಾರ್ ಬೀಮ್ ಎಂಬ ವಿದ್ಯೆ ಅದಕ್ಕೆ 48ಕ್ಕೇ ಬರುತ್ತಿತ್ತು, ಮುಂದಿನ ರೂಪವಾದ ಐವಿಸಾರ್ ಆದರೆ 54ಕ್ಕೆ, ಕೊನೆಯ ರೂಪವಾದ ವೀನಸಾರ್ ಆದಮೇಲೆ 65ಕ್ಕೆ. ಇಲ್ಲಿ ವಿದ್ಯೆ ತಪ್ಪುತ್ತಿರಲಿಲ್ಲ, ತಡವಾಗುತ್ತಿತ್ತು ಅಷ್ಟೆ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು: ಲೆವೆಲ್‌ನಿಂದ ಬರುವ ಬದಲಾವಣೆಯನ್ನು ಬಿ ಒತ್ತಿ ಇಂದು ತಡೆದರೆ ಮುಂದಿನ ಲೆವೆಲ್‌ಗೆ ಆಟ ಮತ್ತೆ ಬಾಗಿಲು ತಟ್ಟುತ್ತದೆ. ಕಲ್ಲಿನದು ಹಾಗಲ್ಲ, ಮುಟ್ಟಿಸಿದಮೇಲೆ ಮುಗಿಯಿತು. ಎರಡರಲ್ಲೂ ಹಿಂದಿರುಗುವ ದಾರಿಯಂತೂ ಇಲ್ಲ.

ಈ ಆಟವನ್ನು ಕಲ್ಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಟೋಕಿಯೋದ ಹೊರವಲಯದ ಮಾಚಿದಾದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದವರು ಎಂಬುದು ಇಲ್ಲಿ ಅಪ್ರಸ್ತುತವಲ್ಲ. ಕೀಟಗಳ ಲೋಕದಲ್ಲಿ ಪ್ರತಿ ಹಂತಕ್ಕೂ ಅದರದೇ ಕೆಲಸವಿದೆ. ರೇಷ್ಮೆ ಸಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಹಿಪ್ಪುನೇರಳೆ ಸೊಪ್ಪು ತಿನ್ನುವುದು ಹುಳು ಮಾತ್ರ, ಚಿಟ್ಟೆಯಾದಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಮೊಟ್ಟೆಯಿಟ್ಟು ಸಾಯುವವರೆಗಿನ ಅದರ ಬದುಕು ಹುಳುವಾಗಿದ್ದಾಗ ಉಂಡದ್ದರ ಮೇಲೆಯೇ ನಡೆಯಬೇಕು. ಗ್ರೋಲಿತ್‌ನ ಪಾಡೂ ಅದೇ.

ಕಾಯುವುದೂ ಪುಕ್ಕಟೆಯಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಲೇಬೇಕು. ನಡುವಿನ ಪ್ರತಿ ಹೋರಾಟವನ್ನೂ ದುರ್ಬಲ ಮೈಯಲ್ಲೇ ಗೆಲ್ಲಬೇಕಾಗುತ್ತದೆ, ಸೋತರೆ ಸೋಲು ಇಂದಿನದೇ. ಮ್ಯಾಜಿಕಾರ್ಪ್ ಎಂಬ ಮೀನಿಗೆ ಮೊದಲ ಆಟಗಳಲ್ಲಿ ಗೊತ್ತಿದ್ದದ್ದು ಯಾರಿಗೂ ನೋವಾಗದಂತೆ ನೀರು ಚಿಮ್ಮಿಸುವುದು, 15ಕ್ಕೆ ಬರುವ ಟ್ಯಾಕಲ್, ಇವೆರಡೇ. 20ಕ್ಕೆ ಅದು ಗ್ಯಾರಡೋಸ್ ಆಗಿ ಹೂಂಕರಿಸುತ್ತದೆ. ಅದನ್ನು ತಡೆಹಿಡಿಯುವವರು ಏನನ್ನೂ ಉಳಿಸುತ್ತಿಲ್ಲ. 7ಕ್ಕೆ ಗೂಡು ಸೇರಿ 10ಕ್ಕೆ ಬಟರ್‌ಫ್ರೀ ಆಗುವ ಕ್ಯಾಟರ್‌ಪೀಯದೂ ಹಾಗೆಯೇ. ಆದರೆ ಈ ಉದಾಹರಣೆಗಳು ನನ್ನ ವಾದವನ್ನು ಮುರಿಯುತ್ತಿಲ್ಲ. ಕಳೆಯಲು ಏನೂ ಇಲ್ಲದಲ್ಲಿ ಕಾಯಲು ಕಾರಣವೂ ಇಲ್ಲ, ಅಷ್ಟೆ. ತಾಳ್ಮೆಯನ್ನೇ ಒಂದು ಗುಣವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಮ್ಯಾಜಿಕಾರ್ಪ್ ವಿಷಯದಲ್ಲಿ ತಾಳ್ಮೆ ಎಂದರೆ ಶುದ್ಧ ಮೊಂಡುತನ.

ಗಳಿಕೆ ಎಂದು ನಾವು ಕರೆಯುವುದನ್ನೂ ಒಮ್ಮೆ ಕೆದಕಬೇಕು. ಸೈಥರ್ ಎಂಬ ಪೋಕೆಮಾನ್‌ಗೆ ಮೆಟಲ್ ಕೋಟ್ ಎಂಬ ವಸ್ತು ಹಿಡಿಸಿ ಇನ್ನೊಬ್ಬರಿಗೆ ಟ್ರೇಡ್ ಮಾಡಿದರೆ ಅದು ಸೈಜರ್ ಆಗುತ್ತದೆ. ಎರಡರ ಮೂಲ ಅಂಕಿಗಳ ಮೊತ್ತ 500, ಒಂದೂ ಹೆಚ್ಚಿಲ್ಲ. ದಾಳಿಬಲ 110ರಿಂದ 130ಕ್ಕೆ ಏರುತ್ತದೆ, ವೇಗ 105ರಿಂದ 65ಕ್ಕೆ ಕುಸಿಯುತ್ತದೆ. ಇದನ್ನು ಏಣಿಯ ಮೇಲಿನ ಮೆಟ್ಟಿಲು ಎನ್ನುವುದಕ್ಕಿಂತ ಪಕ್ಕದ ಮನೆಗೆ ಹೋದಂತೆ ಎನ್ನುವುದು ಸರಿ. 2010ರ ಬ್ಲ್ಯಾಕ್ ಮತ್ತು ವೈಟ್‌ನಲ್ಲಿ ಆಟ ಮಾಡಿದವರೇ ಇನ್ನೂ ಮುಂದೆ ಹೋದರು. ಅವರು ತಂದ ಈವಿಯೊಲೈಟ್ ಎಂಬ ವಸ್ತು, ಕೊನೆಯ ರೂಪಕ್ಕೆ ಬಾರದ ಪೋಕೆಮಾನ್‌ನ ತಾಳಿಕೆಯನ್ನು ಮಾತ್ರ ಒಂದೂವರೆ ಪಟ್ಟು ಮಾಡುತ್ತದೆ. ಅದನ್ನು ಹಿಡಿದ ಚಾನ್ಸಿ, ಹೊಡೆತ ತಾಳುವುದರಲ್ಲಿ ತನ್ನ ಮುಂದಿನ ರೂಪವಾದ ಬ್ಲಿಸ್ಸಿಯನ್ನೂ ಮೀರಿಸಿತು. ಮುಂದಿನದೆಲ್ಲ ಮೇಲಿನದು ಎಂಬ ನಂಬಿಕೆಗೆ ಆಟದೊಳಗಿಂದಲೇ ಬಿದ್ದ ಪೆಟ್ಟಿದು.

ಇನ್ನು ಈವಿ ಎಂಬ ಪೋಕೆಮಾನ್. ರೆಡ್ ಆಟದಲ್ಲಿ ಸೆಲಡಾನ್ ಊರಿನ ಒಂದು ಕಟ್ಟಡದಲ್ಲಿ ಸಿಗುವ ಈವಿ ಒಂದೇ ಒಂದು, ಅದಕ್ಕೆ ತೆರೆದಿದ್ದ ದಾರಿ ಮೂರು: ನೀರು, ಮಿಂಚು, ಬೆಂಕಿ. ಒಂದನ್ನು ಆರಿಸಿದರೆ ಉಳಿದೆರಡು ಮುಚ್ಚಿದವು. 1999ರಲ್ಲಿ ಗೋಲ್ಡ್ ಮತ್ತು ಸಿಲ್ವರ್ ಬಂದಾಗ ಇನ್ನೆರಡು ದಾರಿ ತೆರೆದವು: ಒಡನಾಟ ಗಾಢವಾದಮೇಲೆ ಹಗಲಲ್ಲಿ ಲೆವೆಲ್ ಏರಿದರೆ ಎಸ್ಪಿಯಾನ್, ಇರುಳಲ್ಲಾದರೆ ಅಂಬ್ರಿಯಾನ್. ಹಳೆಯ ಆಟದ ಈವಿಯನ್ನು ಹೊಸದಕ್ಕೆ ಕಳಿಸಬಹುದಿತ್ತು. ಹಾಗೆಯೇ ಉಳಿಸಿಕೊಂಡಿದ್ದವರಿಗೆ, ಮೊದಲು ಯಾರೂ ಊಹಿಸದಿದ್ದ ಎರಡು ಭವಿಷ್ಯಗಳು ಸಿಕ್ಕವು. 2013ರ ಹೊತ್ತಿಗೆ ಈವಿಯ ರೂಪಗಳು ಎಂಟಾದವು. ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ಆಂಥನಿ ಫಿಶರ್ 1974ರಲ್ಲಿ ಪರಿಸರದ ಕುರಿತು ಬರೆಯುತ್ತ ತೋರಿಸಿದ್ದು ಇದನ್ನೇ: ನಾಳೆ ಹೊಸ ತಿಳಿವು ಬರಬಹುದಾದಾಗ, ಮರಳಿ ಪಡೆಯಲಾಗದ ಹೆಜ್ಜೆಯನ್ನು ಇಡದೆ ಉಳಿಯುವುದಕ್ಕೇ ಒಂದು ಬೆಲೆಯಿದೆ. ಅವರ ಮುಂದಿದ್ದದ್ದು ಒಮ್ಮೆ ಕೆಡಿಸಿದರೆ ಮತ್ತೆ ಸಿಗದ ನಿಸರ್ಗ. ಈವಿಯ ಲೆಕ್ಕಕ್ಕೂ ಅದೇ ಸೂತ್ರ ಹೊಂದುತ್ತದೆ.

ಇದೆಲ್ಲ ಬರೀ ಅಂಕಿ, ಆ ಜೀವಿಗೆ ಇಚ್ಛೆಯೆಲ್ಲಿ, ನೋವೆಲ್ಲಿ ಎಂದು ಕೇಳುವವರಿದ್ದಾರೆ. ಇಲ್ಲ ನಿಜ. 1998ರ ಯೆಲ್ಲೋ ಆಟದಲ್ಲಿ ಮೊದಲು ಜೊತೆಯಾಗುವ ಪಿಕಾಚು ಥಂಡರ್ ಸ್ಟೋನ್ ಒಲ್ಲೆನ್ನುತ್ತದೆ, ಆದರೆ ಆ ನಿರಾಕರಣೆಯನ್ನೂ ಬರೆದಿಟ್ಟವರು ಮನುಷ್ಯರೇ. ಜೀವಿಗೆ ಇಚ್ಛೆಯಿಲ್ಲ ಎನ್ನುವುದರಿಂದ ನಿರ್ಧಾರದ ಭಾರ ಕಡಿಮೆಯಾಗದು, ಪೂರ್ತಿ ಆಡುವವರ ಮೇಲೆ ಬೀಳುತ್ತದೆ. ಆಯ್ಕೆ ಸರಿಯೋ ತಪ್ಪೋ ಎಂಬುದು ಆರಿಸಿದವರ ವಿವೇಕದ ಮಾತು. ಅದಕ್ಕೆ ಎದುರಿಗಿರುವುದು ನಿಜಜೀವಿಯೇ ಆಗಿರಬೇಕಿಲ್ಲ.

ಹೆಚ್ಚು ಗಟ್ಟಿಯಾದ ಆಕ್ಷೇಪ ಹೊಸ ಆಟಗಳಿಂದ ಬರುತ್ತದೆ. 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಆರ್ಕನೈನ್ ಕೂಡ ಫ್ಲೇಮ್‌ಥ್ರೋವರನ್ನು ನೆನಪಿಸಿಕೊಂಡು ಕಲಿಯಬಲ್ಲದು. 2022ರ ಲೆಜೆಂಡ್ಸ್: ಆರ್ಸಿಯಸ್‌ನಲ್ಲಿ ಸಿದ್ಧವಾದ ಪೋಕೆಮಾನ್ ನಾವು ಹೇಳುವ ತನಕ ಕಾಯುತ್ತದೆ, ಅಲ್ಲಿ ಮೌನ ಒಪ್ಪಿಗೆಯಲ್ಲ. ನಷ್ಟವನ್ನೇ ತೆಗೆದುಹಾಕಿದಮೇಲೆ ನನ್ನ ಲೆಕ್ಕ ನಿಲ್ಲುವುದೆಲ್ಲಿ? ಒಪ್ಪಿಗೆ ಕೇಳುವ ಪದ್ಧತಿ ನಿಸ್ಸಂಶಯವಾಗಿ ಉತ್ತಮ. ಆದರೆ ಕಳೆಯುವುದೇ ಇಲ್ಲದ ಆಯ್ಕೆ ಬಟ್ಟೆ ಬದಲಿಸಿದಷ್ಟೇ ಹಗುರ ಎಂಬುದನ್ನೂ ಹೇಳಬೇಕು. ಅಲ್ಲದೆ ನಷ್ಟ ಎಲ್ಲೆಡೆ ಹೋಗಿಲ್ಲ. 2016ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಅಧಿಕೃತವಾಗಿ ಬಂದ ಪೋಕೆಮಾನ್ ಗೋ ಆಟದಲ್ಲಿ ಅದು ಗಡಿಯಾರದ ರೂಪದಲ್ಲಿ ಮರಳಿತು: 2018ರ ಫೆಬ್ರವರಿಯ ಕಮ್ಯೂನಿಟಿ ಡೇ ಎಂಬ ವಿಶೇಷ ದಿನ, ನಿಗದಿಯಾದ ಮೂರು ಗಂಟೆಗಳೊಳಗೆ ಎವಾಲ್ವ್ ಮಾಡಿದ ಡ್ರ್ಯಾಗನೈಟ್ ಎಂಬ ಪೋಕೆಮಾನ್‌ಗೆ ಮಾತ್ರ ಡ್ರೇಕೋ ಮೀಟಿಯರ್ ಎಂಬ ವಿಶೇಷ ವಿದ್ಯೆ. ಹಿಂದಿನ ದಿನವೇ ಆತುರಪಟ್ಟವರಿಗೆ ಅದು ಸಿಗಲಿಲ್ಲ. ಇಲ್ಲಿ ಹೊತ್ತನ್ನು ಗೊತ್ತುಮಾಡಿದ್ದು ಜೀವಿಯ ಬೆಳವಣಿಗೆಯಲ್ಲ, ಕಂಪನಿಯ ಕ್ಯಾಲೆಂಡರ್. ಕೃತಕ ಕೊರತೆ ಹುಟ್ಟಿಸಿ ಜನರನ್ನು ಒಂದೇ ಮಧ್ಯಾಹ್ನ ಬೀದಿಗೆಳೆಯುವ ಈ ಉಪಾಯಕ್ಕಿಂತ 50ನೇ ಲೆವೆಲ್‌ವರೆಗೆ ಕಾಯಿಸುತ್ತಿದ್ದ ಹಳೆಯ ಗ್ರೋಲಿತ್ ಪ್ರಾಮಾಣಿಕವಾಗಿತ್ತು. ಅದು ಬೇಡುತ್ತಿದ್ದ ಕಾಯುವಿಕೆಗೆ ಕಾರಣ ಅದರ ಕಲಿಕೆಯಲ್ಲೇ ಇತ್ತು.