ಕಾಲು ಮೈಕ್ರಾನ್ ಹೊಳಪು

ಅಪ್ಪನ ಯೆಜ್ಡಿ ಹಾಸನದ ಮನೆಯ ಹಿಂದಿನ ಶೆಡ್ಡಿನಲ್ಲಿ ಹದಿನಾರು ವರ್ಷ ನಿಂತಿತ್ತು. ಕೊಚ್ಚಿಗೆ ತರಿಸಿಕೊಂಡ ಮೇಲೆ, ಹದಿನಾರು ವರ್ಷದಲ್ಲಿ ಆಗದ್ದು ಎರಡು ಮಳೆಗಾಲದಲ್ಲಿ ಆಯಿತು. ಇಲ್ಲಿನ ಗಾಳಿಯಲ್ಲಿ ನೀರಿದೆ, ಜೊತೆಗೆ ಉಪ್ಪೂ ಇದೆ. ಸೈಲೆನ್ಸರ್, ಹ್ಯಾಂಡಲ್‌ಬಾರ್, ಚಕ್ರದ ರಿಮ್ ಎಲ್ಲದರ ಮೇಲೂ ರಾಗಿ ಚೆಲ್ಲಿದ ಹಾಗೆ ತುಕ್ಕಿನ ಚುಕ್ಕೆಗಳು.

ಈ ಬೈಕಿನ ಊರು ಮೈಸೂರು. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಲ್ಲಿ ಬೈಕು ಮಾಡಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಕಿಕ್ ಹೊಡೆಯುವ ಲಿವರನ್ನೇ ಮಡಿಸಿ ಗೇರ್ ಹಾಕುವ ಆ ಚಮತ್ಕಾರ ಗೊತ್ತಿದ್ದವರು ಇದನ್ನು ಕಂಡರೆ ಈಗಲೂ ನಿಂತು ಮಾತಾಡಿಸುತ್ತಾರೆ. ಅಂಥವರೊಬ್ಬರು ಒಂದು ಭಾನುವಾರ ನಮ್ಮ ಕಾಕ್ಕನಾಡಿನ ಬೇಸ್‌ಮೆಂಟಿನಲ್ಲಿ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎಲ್ಲ ಬಿಚ್ಚಿ ಹೊಸದಾಗಿ ಕ್ರೋಮ್ ಮಾಡಿಸಿಬಿಡಿ ಸಾರ್, ಶೋರೂಮಿನಿಂದ ಬಂದ ಹಾಗಿರುತ್ತೆ ಎಂದು ಆಲುವಾ ಕಡೆಯ ಒಂದು ಪ್ಲೇಟಿಂಗ್ ಶೆಡ್ಡಿನ ದಾರಿ ಹೇಳಿದರು.

ಹೋದೆ. ಅಲ್ಲಿದ್ದ ಹಿರಿಯ ಕೆಲಸಗಾರ ನನ್ನ ಸೈಲೆನ್ಸರಿನ ಮೇಲೆ ಉಗುರಾಡಿಸಿ, ಕ್ರೋಮ್ ಏನನ್ನೂ ಮುಚ್ಚಲ್ಲ ಎಂದ. ಎಂಟೆಕ್ ಓದಿದ ನನಗೆ ಇದು ಗೊತ್ತಿರಬೇಕಿತ್ತು. ಅಲಂಕಾರದ ಕ್ರೋಮ್ ಪದರ ಸುಮಾರು ಕಾಲು ಮೈಕ್ರಾನ್ ದಪ್ಪ, ತಲೆಗೂದಲಿನ ಇನ್ನೂರೈವತ್ತರಲ್ಲಿ ಒಂದು ಪಾಲೂ ಇರಲಾರದು. ತುಕ್ಕು ಕೊರೆದ ಗುಳಿ ಅದರಡಿಯಲ್ಲಿ ಹಾಗೇ ಕಾಣುತ್ತದೆ. ಮುಚ್ಚುವ ಕೆಲಸವೆಲ್ಲ ಮೊದಲೇ ಆಗಿರಬೇಕು: ಉಕ್ಕನ್ನು ಉಜ್ಜಿ ತೆಳ್ಳಗೆ ಮಾಡುವುದು, ಗುಳಿಗೆ ತಾಮ್ರ ತುಂಬುವುದು, ಮತ್ತೆ ಉಜ್ಜುವುದು, ಮೇಲೊಂದು ನಿಕ್ಕಲ್ ಪದರ. ಕ್ರೋಮ್ ಕೊನೆಯ ಕೆಲವು ನಿಮಿಷಗಳ ಶೃಂಗಾರ.

ಆ ಕೆಲವು ನಿಮಿಷಗಳನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಹರಿಯುವ ಕರೆಂಟಿನ ಹೆಚ್ಚಿನ ಪಾಲು ಲೋಹ ಕೂರಿಸಲು ಬಳಕೆಯಾಗುವುದಿಲ್ಲ, ಗ್ಯಾಸ್ ಗುಳ್ಳೆ ಎಬ್ಬಿಸುವುದರಲ್ಲೇ ಮುಗಿಯುತ್ತದೆ. ಗುಳ್ಳೆ ಒಡೆದಾಗ ಆಮ್ಲದ ಸಣ್ಣ ಮಂಜು ಏಳುತ್ತದೆ. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಯಾವ ಅನುಮಾನವೂ ಇಲ್ಲದೆ ಪಟ್ಟಿಮಾಡಿದ ವಸ್ತು. ವರ್ಷಗಟ್ಟಲೆ ಉಸಿರಾಡಿದವರ ಮೂಗಿನೊಳಗಿನ ನಡುಗೋಡೆ ತೂತಾಗುವುದುಂಟು. ತೊಟ್ಟಿಯ ಮೇಲೆ ಗಾಳಿ ಎಳೆಯುವ ಹುಡ್ ಇರಲಿಲ್ಲ. ಮುಖಕ್ಕೆ ಕಟ್ಟಿದ್ದು ತೋರ್ತು, ಇಲ್ಲಿಯ ತೆಳು ಟವೆಲ್ಲು. ವಿಚಿತ್ರವೆಂದರೆ ಬೈಕಿನ ಮೇಲೆ ಕೂತ ಮೇಲೆ ಕ್ರೋಮ್ ಬರೀ ಲೋಹ. ನಾನು ಮುಟ್ಟಬಹುದು, ನನ್ನ ಮಗಳು ಮುಖ ನೋಡಿಕೊಳ್ಳಬಹುದು, ಯಾರಿಗೂ ಏನೂ ಆಗುವುದಿಲ್ಲ. ವಿಷವೆಲ್ಲ ಶೆಡ್ಡಿನಲ್ಲೇ ಉಳಿದಿರುತ್ತದೆ.

ಸೈಲೆನ್ಸರನ್ನು ವಾಪಸ್ ಕಾರಿಗೆ ಹಾಕಿಕೊಂಡೆ. ದೊಡ್ಡ ಆದರ್ಶದಿಂದೇನಲ್ಲ. ಅಲ್ಲಿ ನಿಂತಿದ್ದಾಗ ನೆನಪಾದದ್ದು ನನ್ನ ಒಂದು ಸ್ಟೇಟಸ್ ರಿಪೋರ್ಟು.

ನಮ್ಮ ಕಸುಬಿನಲ್ಲಿ ಕಲ್ಲಂಗಡಿ ರಿಪೋರ್ಟ್ ಅಂತೊಂದಿದೆ: ಹೊರಗೆ ಹಸಿರು, ಒಳಗೆ ಕೆಂಪು. ಆರು ವರ್ಷದ ಹಿಂದೆ ನಾನು ಸತತ ಐದು ವಾರ ಅಂಥ ರಿಪೋರ್ಟ್ ಕಳಿಸಿದೆ. ಒಳಗೆ ಡೇಟಾ ಮೈಗ್ರೇಷನ್ ಕೆಟ್ಟು ಕೂತಿತ್ತು. ಆ ಭಾಗ ನೋಡಿಕೊಳ್ಳುತ್ತಿದ್ದ ತಿರುವನಂತಪುರದ ಹುಡುಗ ಎರಡನೇ ವಾರವೇ ನನಗೆ ಹೇಳಿದ್ದ. ಮುಂದಿನ ವಾರ ಸರಿಹೋಗುತ್ತೆ ಬಿಡಪ್ಪ ಎಂದು ಹಸಿರನ್ನೇ ಇಟ್ಟೆ. ಆರನೇ ವಾರ ಎಲ್ಲ ಸಿಡಿದಾಗ ಕಾಲ್‌ನಲ್ಲಿ ಯಾರೋ ಕೇಳಿದರು, ಇದು ಮೊದಲೇ ಯಾರಿಗೂ ಗೊತ್ತಿರಲಿಲ್ಲವೇ? ನಾನು ಸುಮ್ಮನಿದ್ದೆ. ಅವನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ನನ್ನ ಅಪ್ರೈಸಲ್‌ಗೆ ಧಕ್ಕೆಯಾಗಲಿಲ್ಲ.

ಸುಳ್ಳು ತಪ್ಪು ಎನ್ನುವುದು ಎಲ್ಲರಿಗೂ ಗೊತ್ತು, ಅದಕ್ಕೆ ಪ್ರಬಂಧ ಬೇಡ. ನನ್ನನ್ನು ಕಾಡುವುದು ಲೆಕ್ಕದ ಪ್ರಶ್ನೆ. ಹೊಳಪು ಒಬ್ಬನ ಹತ್ತಿರ, ಅದರ ಖರ್ಚು ಇನ್ನೊಬ್ಬನ ಹತ್ತಿರ. ಮತ್ತು ಆ ಇನ್ನೊಬ್ಬ ಹೊಳಪಿನಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಿದ್ದಾಗ ದುಡ್ಡು ಕೊಟ್ಟಿದ್ದೇನಲ್ಲ ಎಂದರೆ ಸಾಕೇ? ನೀವು ಕೇಳಬಹುದು, ಎಲ್ಲರೂ ನಿನ್ನ ಹಾಗೆ ವಾಪಸ್ ಬಂದರೆ ಆ ಶೆಡ್ಡಿನವನ ಮನೆ ನಡೆಯುವುದು ಹೇಗೆ? ನಿಜ. ನಾನು ಸೈಲೆನ್ಸರ್ ಎತ್ತಿಕೊಂಡು ಬಂದದ್ದರಿಂದ ಅವನಿಗೆ ಸಿಕ್ಕಿದ್ದು ಒಳ್ಳೆಯ ಗಾಳಿಯಲ್ಲ, ಒಂದು ದಿನದ ಕೂಲಿ ಕಡಿಮೆ. ಕಡಿಮೆ ಹಾನಿಯ ಟ್ರೈವೇಲೆಂಟ್ ಕ್ರೋಮ್ ತೊಟ್ಟಿಗಳಿವೆ, ಹುಡ್ ಹಾಕಿಸಬಹುದು, ಅದರ ಖರ್ಚು ಗಿರಾಕಿಯ ಬಿಲ್ಲಿಗೆ ಬರಬೇಕು. ಬಂದರೆ ನಾನು ಕೊಡುತ್ತೇನೆ ಎಂದು ಮಾಲೀಕರಿಗೆ ಹೇಳಿದೆ. ನೀವೊಬ್ಬರು ಕೊಟ್ಟರೆ ಆಗುತ್ತಾ ಸಾರ್ ಎಂದು ನಕ್ಕರು.

ಆಮೇಲಿನ ನಾಲ್ಕು ತಿಂಗಳು ಶನಿವಾರಗಳೆಲ್ಲ ಬೇಸ್‌ಮೆಂಟಿನಲ್ಲಿ. ಆಕ್ಸಾಲಿಕ್ ಆಮ್ಲ ಕಲಸಿದ ನೀರಿನಲ್ಲಿ ನೆನೆಸಿದರೆ ತುಕ್ಕು ಬಿಡುತ್ತದೆ, ಒಳ್ಳೆಯ ಉಕ್ಕಿಗೆ ಹೆಚ್ಚು ಪೆಟ್ಟಿಲ್ಲ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆಮಾಡಿ ನೀರು ಹಚ್ಚಿ ತಿಕ್ಕಿದರೆ ಉಳಿದ ಕ್ರೋಮ್ ತಕ್ಕಮಟ್ಟಿಗೆ ಎದ್ದು ಬರುತ್ತದೆ. ಮೇಲೆ ಮೇಣ. ವಾಷಿಂಗ್ ಸೋಡಾ ನೀರಿನಲ್ಲಿ ಕರೆಂಟ್ ಹರಿಸುವ ವಿಧಾನವೂ ಇದೆ. ಮಾಡುವವರು ಸ್ಟೇನ್‌ಲೆಸ್ ಸ್ಟೀಲ್ ತುಂಡನ್ನು ಮಾತ್ರ ಅದರಲ್ಲಿ ಇಳಿಸಬೇಡಿ, ಅದೇ ಹೆಕ್ಸಾವೇಲೆಂಟ್ ಕ್ರೋಮಿಯಂ ನಿಮ್ಮ ಬಕೆಟ್ಟಿಗೇ ಬರುತ್ತದೆ. ಗುಳಿಗಳು ಉಳಿದವು. ಹಾಗೆಂದು ತುಕ್ಕನ್ನು ಪೂಜಿಸುವ ಪಂಗಡ ನಾನಲ್ಲ. ಅರೆ ತಿಂದ ಕಡ್ಡಿಗಳನ್ನೂ ಒಂದು ರಿಮ್ಮನ್ನೂ ಎಸೆದು ಹೊಸದು ಹಾಕಿದೆ. ಚಕ್ರದ ವಿಷಯದಲ್ಲಿ ಭಾವುಕತೆ ಸಲ್ಲದು. ಹೊಸ ರಿಮ್ಮಿಗೂ ಎಲ್ಲೋ ಯಾರೋ ಕ್ರೋಮ್ ಹಾಕಿರುತ್ತಾರೆ. ಗೊತ್ತು.

ಡಿಸೆಂಬರಿನಲ್ಲಿ ತಿರುವನಂತಪುರಕ್ಕೆ ಅದರಲ್ಲೇ ಹೊರಟೆ. ಆಲಪ್ಪುಳ, ಕೊಲ್ಲಂ ದಾಟಿ ಇನ್ನೂರು ಕಿಲೋಮೀಟರು, ಅಲ್ಲಲ್ಲಿ ಅಗೆದಿಟ್ಟ ಹೆದ್ದಾರಿ, ಹಿಂದೆ ಬರುವವರಿಗೆಲ್ಲ ನನ್ನ ಟೂ-ಸ್ಟ್ರೋಕ್ ಹೊಗೆ. ಲೆಕ್ಕ ಯಾವತ್ತೂ ಪೂರ್ತಿ ಚುಕ್ತಾ ಆಗುವುದಿಲ್ಲ.

ಅವನೀಗ ಟೆಕ್ನೋಪಾರ್ಕಿನಲ್ಲಿ ಬೇರೆ ಕಡೆ ಇದ್ದಾನೆ. ಕಳಕ್ಕೂಟಂನ ಚಹಾದಂಗಡಿಯ ಮುಂದೆ ಬೈಕನ್ನು ಸುತ್ತಿ ನೋಡಿ, ಇದಕ್ಕೆ ಯಾಕೆ ಕ್ರೋಮ್ ಮಾಡಿಸಲಿಲ್ಲ ಎಂದ. ಶೆಡ್ಡಿನ ಕತೆ ಹೇಳಿದೆ, ನಂತರ ಆ ಐದು ವಾರದ ಕತೆಯನ್ನೂ ಹೇಳಿ ಕ್ಷಮೆ ಕೇಳಿದೆ. ಅವನು ಚಹಾ ಮುಗಿಸುವ ತನಕ ಮಾತಾಡಲಿಲ್ಲ.

"ಆ ಕಾಲ್‌ನಲ್ಲಿ ಹನ್ನೊಂದು ಜನ ಇದ್ದರು," ಎಂದ. "ಅವರಿಗೆ ಹೇಳಿದ್ದೀರಾ?"

ಇಲ್ಲ ಎಂದೆ.

ಕೊಚ್ಚಿಗೆ ಮರಳಿದ ವಾರ ಎಂಟು ಜನರಿಗೆ ಮೇಲ್ ಬರೆದೆ. ಇಬ್ಬರು ಉತ್ತರಿಸಿದ್ದಾರೆ. ಕಂಪನಿ ಬಿಟ್ಟುಹೋದ ಉಳಿದ ಮೂವರ ವಿಳಾಸ ಹುಡುಕುತ್ತಿದ್ದೇನೆ.